ಆರಿಸಿದ ಮೇಲೆ ಉಳಿಸಿಕೊಳ್ಳಬೇಕು

ಅಮೆರಿಕದ ಬಾಸ್ಕೆಟ್‌ಬಾಲ್ ಪ್ರಿಯರ ನಡುವೆ ಫ್ಯಾಂಟಸಿ ಲೀಗ್ ಎಂಬ ಆಟ ದಶಕಗಳಿಂದ ನಡೆದುಬಂದಿದೆ. ಹತ್ತು ಹನ್ನೆರಡು ಗೆಳೆಯರು ಸೇರಿ ಅಲ್ಲಿನ ವೃತ್ತಿಪರ ಲೀಗಾದ ಎನ್‌ಬಿಎಯ ಆಟಗಾರರನ್ನು ಸರದಿಯ ಪ್ರಕಾರ ಆರಿಸಿಕೊಂಡು ತಲಾ ಒಂದೊಂದು ಕಾಲ್ಪನಿಕ ತಂಡ ಕಟ್ಟುತ್ತಾರೆ. ಆ ಆಟಗಾರರು ನಿಜವಾದ ಪಂದ್ಯಗಳಲ್ಲಿ ಗಳಿಸುವ ಪಾಯಿಂಟು, ರಿಬೌಂಡು, ಅಸಿಸ್ಟುಗಳೇ ಈ ತಂಡಗಳ ಅಂಕ. ಇದರಲ್ಲೇ ಕೀಪರ್ ಲೀಗ್ ಎಂಬ ಬಗೆಯಿದೆ. ಅಲ್ಲಿ ಋತು ಮುಗಿದರೂ ತಂಡ ಕರಗುವುದಿಲ್ಲ. ಕೆಲವು ಆಟಗಾರರನ್ನು ಮುಂದಿನ ವರ್ಷಕ್ಕೆ, ಅದರ ಮುಂದಿನ ವರ್ಷಕ್ಕೂ ಉಳಿಸಿಕೊಳ್ಳಬಹುದು. ಈ ಒಂದು ನಿಯಮ ಆಯ್ಕೆಯ ಲೆಕ್ಕವನ್ನೇ ಬದಲಿಸುತ್ತದೆ. ಒಂದೇ ವರ್ಷದ ಲೀಗಿನಲ್ಲಿ ಮೂವತ್ತೆರಡರ ಅನುಭವಿಗೆ ಬೆಲೆ. ಕೀಪರ್ ಲೀಗಿನಲ್ಲಿ ಈಗಷ್ಟೇ ಕಾಲಿಟ್ಟ, ಇನ್ನೂ ತಪ್ಪು ಪಾಸು ಕೊಡುತ್ತಿರುವ ಹತ್ತೊಂಬತ್ತರ ಹುಡುಗನಿಗೆ ಬೆಲೆ. ಎಷ್ಟು ಕಾಲ ಕಾಯಲು ಸಿದ್ಧರಿದ್ದೇವೆ ಎಂಬುದರ ಮೇಲೆ ಯಾರನ್ನು ಆರಿಸಬೇಕು ಎಂಬುದು ನಿರ್ಧಾರವಾಗುತ್ತದೆ. ಬೆಳಗಾವಿಯ ಜಿಲ್ಲಾ ಮಟ್ಟದಲ್ಲೂ ಖಾನಾಪುರದ ತಾಲ್ಲೂಕು ಮಟ್ಟದಲ್ಲೂ ಮಕ್ಕಳ ಕ್ರೀಡಾ ಪ್ರತಿಭೆಯನ್ನು ಅಳೆಯುವವರು ಇದನ್ನೇ ಮೊದಲು ಕೇಳಿಕೊಳ್ಳಬೇಕು ಎಂಬುದು ನನ್ನ ವಾದ. ನಾವು ಹತ್ತು ವರ್ಷದ ಗುರಿ ಇಟ್ಟುಕೊಂಡು ಒಂದು ದಿನದ ಲೆಕ್ಕದಲ್ಲಿ ಮಕ್ಕಳನ್ನು ಆರಿಸುತ್ತಿದ್ದೇವೆ.

ಹಣ ಸುರಿದು, ತಜ್ಞರನ್ನಿಟ್ಟು, ವಿಡಿಯೊ ತುಣುಕುಗಳನ್ನು ತಿರುಗಿಸಿ ತಿರುಗಿಸಿ ನೋಡಿ ನಡೆಸುವ ಆಯ್ಕೆಯಲ್ಲೂ ಎಷ್ಟು ತಪ್ಪಾಗುತ್ತದೆ ಎಂಬುದಕ್ಕೆ ಎನ್‌ಬಿಎ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟೇ ಸಾಕ್ಷಿ. 2013ರಲ್ಲಿ ಎಲ್ಲರಿಗಿಂತ ಮೊದಲು ಆಯ್ಕೆಯಾದ ಆಂಥನಿ ಬೆನೆಟ್ ಮೊದಲ ಋತುವಿನಲ್ಲಿ ಪಂದ್ಯಕ್ಕೆ ಸರಾಸರಿ 4.2 ಅಂಕ ಗಳಿಸಿದರು. ನಾಲ್ಕೇ ವರ್ಷಗಳಲ್ಲಿ ಲೀಗಿನಿಂದಲೇ ಹೊರಬಿದ್ದರು. ಅದೇ ವರ್ಷ ಹದಿನೈದನೆಯವರಾಗಿ ಆಯ್ಕೆಯಾದ ಯಾನಿಸ್ ಅಂಟೆಟೊಕುಂಪೊ ಗ್ರೀಸಿನ ಎರಡನೇ ದರ್ಜೆಯ ಲೀಗಿನಿಂದ ಬಂದವರು. ಮೊದಲ ವರ್ಷ ಅವರ ಸರಾಸರಿಯೂ 6.8 ಮಾತ್ರ. ಆದರೆ ಅವರ ದೇಹ ಇನ್ನೂ ಬೆಳೆಯುತ್ತಿತ್ತು, ಆಟವೂ ಬೆಳೆಯುತ್ತಿತ್ತು. ಮಿಲ್ವಾಕಿ ತಂಡ ಅವರನ್ನು ಕೈಬಿಡಲಿಲ್ಲ. 2019 ಮತ್ತು 2020ರಲ್ಲಿ ಅವರು ಲೀಗಿನ ಅತ್ಯಮೂಲ್ಯ ಆಟಗಾರರಾದರು, 2021ರಲ್ಲಿ ತಂಡಕ್ಕೆ ಪ್ರಶಸ್ತಿ ತಂದರು. 2014ರಲ್ಲಿ ಸರ್ಬಿಯಾದ ನಿಕೊಲಾ ಯೋಕಿಚ್ 41ನೆಯವರಾಗಿ ಆಯ್ಕೆಯಾದಾಗ ಟಿವಿಯಲ್ಲಿ ಜಾಹೀರಾತು ನಡೆಯುತ್ತಿತ್ತು. ದಪ್ಪನೆಯ ಮೈ, ನಿಧಾನದ ಓಟ, ಎತ್ತರಕ್ಕೆ ಜಿಗಿಯಲಾಗದ ಕಾಲು. ಓಟ ಜಿಗಿತಗಳ ಪಟ್ಟಿ ಹಿಡಿದು ನೋಡಿದವರಿಗೆ ಅವರ ಕಣ್ಣಿನ ಚುರುಕು, ಕೈಯ ಹದ ಕಾಣಲಿಲ್ಲ. ಅವರು ಮೂರು ಬಾರಿ ಅತ್ಯಮೂಲ್ಯ ಆಟಗಾರರಾದರು. ಈ ಉದಾಹರಣೆಗಳನ್ನು ತಂದದ್ದು ಅಳತೆಯೇ ವ್ಯರ್ಥ ಎನ್ನುವುದಕ್ಕಲ್ಲ. ಅಳೆದದ್ದು ಯಾವುದನ್ನು, ಕಾದದ್ದು ಎಷ್ಟು ದಿನ ಎಂದು ಕೇಳುವುದಕ್ಕೆ.

ಅಮೆರಿಕ ದೂರವಾಯಿತು ಎನ್ನುವವರು ಕಬಡ್ಡಿಯನ್ನು ನೋಡಲಿ. 2014ರಲ್ಲಿ ಆರಂಭವಾದ ಪ್ರೊ ಕಬಡ್ಡಿ ಲೀಗ್ ತನ್ನ ರಚನೆಯಲ್ಲೇ ಒಂದು ಕೀಪರ್ ಲೀಗ್: ಉಳಿಸಿಕೊಂಡ ಆಟಗಾರರು, ಹೊಸ ಯುವ ಆಟಗಾರರು ಎಂಬ ವರ್ಗಗಳೇ ಅಲ್ಲಿವೆ. 2015ರ ಎರಡನೇ ಆವೃತ್ತಿಯಲ್ಲಿ ಬೆಂಗಳೂರು ಬುಲ್ಸ್ ತಂಡದಲ್ಲಿ ಹರಿಯಾಣದ ಒಬ್ಬ ಹುಡುಗನಿದ್ದ. ಕೆಲವೇ ಪಂದ್ಯ, ಕೆಲವೇ ಅಂಕ. ತಂಡ ಅವನನ್ನು ಉಳಿಸಿಕೊಳ್ಳಲಿಲ್ಲ. ಪಟ್ನಾ ಪೈರೇಟ್ಸ್ ಸೇರಿದ ಆ ಪ್ರದೀಪ್ ನರ್ವಾಲ್ ಸತತ ಮೂರು ಆವೃತ್ತಿಗಳಲ್ಲಿ ತಂಡ ಪ್ರಶಸ್ತಿ ಗೆಲ್ಲಲು ಕಾರಣರಾದರು. ಐದನೇ ಆವೃತ್ತಿಯೊಂದರಲ್ಲೇ ದಾಳಿಯಿಂದ 369 ಅಂಕ ತಂದರು. 2024ರ ಹರಾಜಿನಲ್ಲಿ ಅವರು ಮತ್ತೆ ಬೆಂಗಳೂರಿಗೆ ಬಂದಾಗ ಅವರ ಬಿರುಸಿನ ವರ್ಷಗಳು ಕಳೆದುಹೋಗಿದ್ದವು. ಆ ಮೊದಲ ಋತುವಿನ ಅಂಕಪಟ್ಟಿಯನ್ನಷ್ಟೇ ನೋಡಿದರೆ ಬೆಂಗಳೂರಿನ ನಿರ್ಧಾರದಲ್ಲಿ ತಪ್ಪು ಕಾಣುವುದಿಲ್ಲ, ಮತ್ತು ನನ್ನ ಆತಂಕವೂ ಅಲ್ಲೇ ಇದೆ. ಸಿಕ್ಕ ಅವಕಾಶ ಇಷ್ಟೇ ಇದ್ದಾಗ ಬಂದ ಅಂಕವೂ ಇಷ್ಟೇ ಇರುತ್ತದೆ. ಅವಕಾಶದಿಂದ ಭಾಗಿಸದ ಅಂಕಕ್ಕೆ ಅರ್ಥವಿಲ್ಲ.

ಬಾಸ್ಕೆಟ್‌ಬಾಲ್ ಲೆಕ್ಕ ಬಲ್ಲವರು ಇದಕ್ಕೆ ಒಂದು ಉಪಾಯ ಕಂಡುಕೊಂಡಿದ್ದಾರೆ. ಹನ್ನೆರಡು ನಿಮಿಷ ಆಡಿ ಆರು ಅಂಕ ತಂದವನನ್ನೂ ಮೂವತ್ತಾರು ನಿಮಿಷ ಆಡಿ ಹನ್ನೆರಡು ಅಂಕ ತಂದವನನ್ನೂ ಹಾಗೆಯೇ ಪಕ್ಕಪಕ್ಕ ನಿಲ್ಲಿಸುವುದಿಲ್ಲ. ಇಬ್ಬರನ್ನೂ 36 ನಿಮಿಷದ ಲೆಕ್ಕಕ್ಕೆ ತಂದು ನೋಡುತ್ತಾರೆ. ಆಗ ಮೊದಲನೆಯವನದು ಹದಿನೆಂಟಾಗುತ್ತದೆ. ಬೆಂಚಿನಿಂದ ಬಂದವನು ಎದುರಾಳಿಯ ದುರ್ಬಲ ಆಟಗಾರರ ಮೇಲೆ ಆಡಿರಬಹುದು, ಹಾಗಾಗಿ ಈ ಲೆಕ್ಕವೂ ಪೂರ್ತಿ ನಂಬತಕ್ಕದ್ದಲ್ಲ. ಆದರೆ ದಿಕ್ಕು ಸರಿ. ಈಗ ಇದನ್ನು ನಮ್ಮ ನೆಲಕ್ಕೆ ತನ್ನಿ. ಬೆಳಗಾವಿಯ ತಿಲಕವಾಡಿಯ ಹುಡುಗಿಗೆ ಓಡಲು ಮೈದಾನವಿದೆ, ಶಾಲೆಯಲ್ಲಿ ದೈಹಿಕ ಶಿಕ್ಷಕರಿದ್ದಾರೆ, ಕಾಲಿಗೆ ಬೂಟು ಇದೆ, ಮೂರು ವರ್ಷದ ತರಬೇತಿ ಇದೆ. ಖಾನಾಪುರ ತಾಲ್ಲೂಕಿನ ತಳೇವಾಡಿ, ಗವಾಳಿ, ಅಮಗಾಂವ್ ಊರುಗಳು 2011ರಲ್ಲಿ ಘೋಷಣೆಯಾದ ಭೀಮಗಡ ವನ್ಯಧಾಮದ ಒಳಗಿವೆ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಹೊರಜಗತ್ತಿನ ಸಂಪರ್ಕವೇ ಕಷ್ಟ. ಅಲ್ಲಿನ ಹುಡುಗಿಯೊಬ್ಬಳು ಸೀಟಿ ಕೇಳಿ ಓಡಲು ಕಲಿತದ್ದೇ ಆಯ್ಕೆಯ ದಿನವಿರಬಹುದು. ಅವಳ ಸಮಯ ತಿಲಕವಾಡಿಯ ಹುಡುಗಿಗಿಂತ ಅರ್ಧ ಸೆಕೆಂಡು ಹೆಚ್ಚಾದರೆ ಇಂದಿನ ಪಟ್ಟಿಯಲ್ಲಿ ಅವಳು ಕೆಳಗೆ ಬೀಳುತ್ತಾಳೆ. ಕೀಪರ್ ಲೀಗಿನ ಅನುಭವಿಯಾದರೆ ಅವಳನ್ನೇ ಮೊದಲು ಆರಿಸುತ್ತಾನೆ. ಒಬ್ಬಳು ತರಬೇತಿಯ ಫಲವನ್ನು ಆಗಲೇ ತೋರಿಸಿದ್ದಾಳೆ, ಇನ್ನೊಬ್ಬಳಿಗೆ ಅದು ಇನ್ನೂ ದಕ್ಕಬೇಕಿದೆ ಎಂಬುದು ಅವನಿಗೆ ಗೊತ್ತು. ನಗರದ ಹುಡುಗಿಗೆ ಅನ್ಯಾಯ ಮಾಡಬೇಕೆಂದಲ್ಲ; ಇಬ್ಬರ ಹೆಸರಿನ ಮುಂದೆಯೂ ತರಬೇತಿಯ ತಿಂಗಳುಗಳನ್ನು ಬರೆಯುವ ಒಂದು ಅಂಕಣ ಇರಬೇಕು ಎಂದಷ್ಟೇ.

ವಯಸ್ಸಿನ ವಿಷಯ ಇದಕ್ಕಿಂತ ಜಟಿಲ. ಕೆನಡಾದಲ್ಲಿ ರೋಜರ್ ಬಾರ್ನ್ಸ್ಲಿ ಮತ್ತು ಸಂಗಡಿಗರು 1985ರಲ್ಲಿ ಒಂದು ವಿಚಿತ್ರವನ್ನು ತೋರಿಸಿದರು: ಅಲ್ಲಿನ ಐಸ್ ಹಾಕಿ ತಂಡಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚು. ವಯೋಮಿತಿಯ ಗಡಿ ಜನವರಿ 1 ಆದ್ದರಿಂದ ಜನವರಿಯ ಮಗು ಡಿಸೆಂಬರಿನ ಮಗುವಿಗಿಂತ ಹೆಚ್ಚುಕಡಿಮೆ ಒಂದು ವರ್ಷ ದೊಡ್ಡದು. ಹತ್ತರ ಹರೆಯದಲ್ಲಿ ಆ ಒಂದು ವರ್ಷವೆಂದರೆ ಬಲದಲ್ಲೂ ಎತ್ತರದಲ್ಲೂ ಭಾರಿ ಅಂತರ. ದೊಡ್ಡ ಮಗು ಆಯ್ಕೆಯಾಗುತ್ತದೆ, ಆಯ್ಕೆಯಾದದ್ದಕ್ಕೆ ತರಬೇತಿ ಸಿಗುತ್ತದೆ, ತರಬೇತಿಯಿಂದ ನಿಜಕ್ಕೂ ಉತ್ತಮವಾಗುತ್ತದೆ. ಮೊದಲ ತಪ್ಪು ಹೀಗೆ ಸರಿಯೆಂಬಂತೆ ಕಾಣತೊಡಗುತ್ತದೆ. ನಮ್ಮಲ್ಲಿ ಜನ್ಮದಿನಾಂಕವೇ ಹಲವು ಸಲ ನಂಬಲಾಗದ್ದು. ಕ್ರೀಡೆಯಲ್ಲಿ ವಯಸ್ಸಿನ ವಂಚನೆ ತಡೆಯಲು ಕೇಂದ್ರ 2010ರಲ್ಲಿ ಸಂಹಿತೆ ತರಬೇಕಾಯಿತು, ಕ್ರಿಕೆಟ್ ಮಂಡಳಿ ಮೂಳೆಯ ಎಕ್ಸ್-ರೇ ಪರೀಕ್ಷೆಗೆ ಮೊರೆಹೋಯಿತು. ದಾಖಲೆ ಪ್ರಾಮಾಣಿಕವಾಗಿದ್ದರೂ ತೊಂದರೆ ಉಳಿಯುತ್ತದೆ. ಹೆಣ್ಣುಮಕ್ಕಳು ಸುಮಾರು ಹನ್ನೆರಡರಲ್ಲಿ, ಗಂಡುಮಕ್ಕಳು ಸುಮಾರು ಹದಿನಾಲ್ಕರಲ್ಲಿ ಎತ್ತರಕ್ಕೆ ಚಿಮ್ಮುತ್ತಾರೆ, ಆದರೆ ಒಂದೇ ತರಗತಿಯ ಇಬ್ಬರಲ್ಲಿ ಈ ಚಿಮ್ಮು ಎರಡು ಮೂರು ವರ್ಷ ಆಚೀಚೆ ಆಗಬಹುದು. ಬೇಗ ಬೆಳೆದ ಹುಡುಗ ಹದಿಮೂರರಲ್ಲಿ ಎಲ್ಲರನ್ನೂ ಎತ್ತಿ ಒಗೆಯುತ್ತಾನೆ. ಹದಿನೇಳಕ್ಕೆ ಬರುವಷ್ಟರಲ್ಲಿ ಉಳಿದವರು ಅವನ ಭುಜಕ್ಕೆ ಭುಜ ಕೊಟ್ಟು ನಿಂತಿರುತ್ತಾರೆ. ಇದನ್ನು ಊಹಿಸಲು ಪ್ರಯೋಗಾಲಯ ಬೇಕಿಲ್ಲ. ನಿಂತ ಎತ್ತರ, ಸ್ಟೂಲಿನ ಮೇಲೆ ಕೂತ ಎತ್ತರ, ತೂಕ, ವಯಸ್ಸು ಇಷ್ಟರಿಂದಲೇ ಬೆಳವಣಿಗೆಯ ಹಂತವನ್ನು ಅಂದಾಜು ಮಾಡುವ ಸೂತ್ರವನ್ನು 2002ರಲ್ಲಿ ಕೆನಡಾದ ಮಿರ್ವಾಲ್ಡ್ ಮತ್ತಿತರರು ಕೊಟ್ಟಿದ್ದಾರೆ. ಅದು ಅಂದಾಜು ಮಾತ್ರ, ಒಂದು ವರ್ಷದಷ್ಟು ಹಿಂದುಮುಂದಾಗಬಹುದು. ಒಂದು ಅಳತೆಯನ್ನೂ ತೆಗೆದುಕೊಳ್ಳದೆ ಬರಿಗಣ್ಣಿಗೆ ದೊಡ್ಡವನಾಗಿ ಕಂಡವನನ್ನು ಆರಿಸುವುದಕ್ಕಿಂತ ಇದು ಎಷ್ಟೋ ಮೇಲು.

ಹಾಗೆ ನೋಡಿದರೆ ಕಾದು ನೋಡಿ ಆರಿಸುವ ವಿದ್ಯೆ ಬೆಳಗಾವಿಗೆ ಹೊಸದಲ್ಲ. ಇಲ್ಲಿನ ಕುಸ್ತಿ ತಾಲೀಮುಗಳ ವಸ್ತಾದರು ಹುಡುಗರನ್ನು ನೋಡುತ್ತಿದ್ದ ಬಗೆಯೇ ಬೇರೆ. ಬಂದ ದಿನ ಎಷ್ಟು ಮಂದಿಯನ್ನು ಕೆಡವಿದ ಎಂಬುದಕ್ಕಿಂತ, ಕೆಡವಿಸಿಕೊಂಡ ಮೇಲೆ ಹೇಗೆ ಎದ್ದ, ನಿನ್ನೆ ಕಲಿಸಿದ ಡಾವನ್ನು ಇಂದು ಎಷ್ಟು ನೆನಪಿಟ್ಟುಕೊಂಡ, ಕೆಮ್ಮಣ್ಣು ಹದಮಾಡುವ ಕೆಲಸಕ್ಕೆ ಬೆಳಗಿನ ಜಾವ ಎದ್ದು ಬರುತ್ತಾನೋ ಇಲ್ಲವೋ ಎಂಬುದನ್ನು ಅವರು ತಿಂಗಳುಗಟ್ಟಲೆ ಗಮನಿಸುತ್ತಿದ್ದರು. ಜಾತ್ರೆಯ ಕುಸ್ತಿಯಲ್ಲಿ ಜೋಡಿ ಕಟ್ಟುವಾಗ ಎಳೆಯ ಪೈಲವಾನನಿಗೆ ಅವನ ಅಳವಿಗೆ ತಕ್ಕ ಎದುರಾಳಿಯನ್ನೇ ಕೊಡುತ್ತಿದ್ದರು. ಬೆಳೆಯುವವನನ್ನು ಬೇಗ ಮುರಿಯಬಾರದು ಎಂಬ ಎಚ್ಚರ ಅದರಲ್ಲಿತ್ತು. ಆನಂದವಾಡಿಯ ಕಣದಲ್ಲಿ ಇಂದಿಗೂ ಕುಸ್ತಿ ನೋಡಲು ಜನ ಸೇರುತ್ತಾರೆ. ಆದರೆ ಇಲ್ಲಿ ಒಂದು ತೊಡಕಿದೆ, ಅದನ್ನು ಮುಚ್ಚಿಡಬಾರದು. ಮಣ್ಣಿನ ನಿಕಾಲಿ ಕುಸ್ತಿಗೆ ಗಡಿಯಾರವಿಲ್ಲ, ಬೆನ್ನು ನೆಲಕ್ಕೆ ತಾಗಿದರೆ ಮುಗಿಯಿತು. ಮ್ಯಾಟಿನ ಮೇಲೆ ಮೂರು ಮೂರು ನಿಮಿಷದ ಎರಡು ಸುತ್ತು, ವೃತ್ತದಿಂದ ಹೊರದೂಡಿದರೂ ಅಂಕ, ಪ್ರತಿ ತಿರುವಿಗೂ ಅಂಕ. ಮಣ್ಣಿನಲ್ಲಿ ಕಾದು ಕಾದು ಎದುರಾಳಿಯನ್ನು ದಣಿಸಿ ಗೆಲ್ಲುವವನು ಮ್ಯಾಟಿನಲ್ಲಿ ಎದುರಾಳಿ ದಣಿಯುವ ಮೊದಲೇ ಸೋತಿರುತ್ತಾನೆ. ಅಮೆರಿಕದ ಕಾಲೇಜು ಆಟದ ದೈತ್ಯರು ಎನ್‌ಬಿಎಗೆ ಬಂದು ಮಂಕಾಗುವುದಕ್ಕೂ ಕಾರಣ ಇಂಥದೇ: ಒಂದು ಕಣದ ಗುಣವೆಲ್ಲ ಇನ್ನೊಂದು ಕಣಕ್ಕೆ ಸಾಗುವುದಿಲ್ಲ. ಆದ್ದರಿಂದ ಸಾಗುವ ಗುಣ ಯಾವುದು, ಇಲ್ಲೇ ಉಳಿಯುವ ಗುಣ ಯಾವುದು ಎಂದು ಬಿಡಿಸಿ ನೋಡಬೇಕು. ಹಿಡಿತದ ಬಿಗಿ, ಸೊಂಟದ ಸಮತೋಲ, ಡಾವು ಗ್ರಹಿಸುವ ಬುದ್ಧಿ ಸಾಗುತ್ತವೆ.

ಆ ಗುಣಗಳು ಸರಿಯಾದ ಕಣವನ್ನು ಕಂಡರೆ ಏನಾಗುತ್ತದೆ ಎಂಬುದಕ್ಕೆ ಬೆಳಗಾವಿ ತಾಲ್ಲೂಕಿನ ತುರಮುರಿಯ ಮಲಪ್ರಭಾ ಜಾಧವ್ ಉದಾಹರಣೆ. ರೈತ ಕುಟುಂಬದ ಈ ಹುಡುಗಿ ಬೆಳಗಾವಿಯಲ್ಲಿ ಜೂಡೊ ಕಲಿತವರು. 2018ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ ಮೊದಲ ಬಾರಿಗೆ ಸೇರಿಸಿದ ಕುರಾಶ್‌ನಲ್ಲಿ, 52 ಕಿಲೊ ವಿಭಾಗದಲ್ಲಿ, ಕಂಚು ಗೆದ್ದರು. ಕುರಾಶ್‌ನಲ್ಲಿ ನೆಲದ ಮೇಲಿನ ಹೋರಾಟವಿಲ್ಲ, ಸೊಂಟದ ಕೆಳಗೆ ಹಿಡಿಯುವಂತಿಲ್ಲ, ನಿಂತೇ ಎಸೆಯಬೇಕು. ಜೂಡೊದಲ್ಲಿ ವರ್ಷಗಟ್ಟಲೆ ಹದಗೊಳಿಸಿದ ಎಸೆತ ಅಲ್ಲಿ ಪೂರ್ತಿ ಬೆಲೆ ಪಡೆಯಿತು. ಜೂಡೊದಲ್ಲಿ ಏನು ಸಾಧಿಸಿದರು ಎಂಬ ಒಂದೇ ಅಳತೆಯಲ್ಲಿ ತೂಗಿದ್ದರೆ ಏಷ್ಯಾದ ಪದಕದವರೆಗೆ ಯಾರ ದೃಷ್ಟಿಯೂ ಹೋಗುತ್ತಿರಲಿಲ್ಲ.

ಆಯ್ಕೆ ತಪ್ಪಿದರೆ ಒಂದು ನಷ್ಟ, ಆರಿಸಿ ಕೈಬಿಟ್ಟರೆ ಅದಕ್ಕಿಂತ ದೊಡ್ಡ ನಷ್ಟ. ಖಾನಾಪುರದ ಕಾಡಂಚಿನಲ್ಲೂ, ಅದಕ್ಕಿಂತ ಹೆಚ್ಚಾಗಿ ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡಗಳಲ್ಲೂ ವಾಸಿಸುವ ಸಿದ್ದಿ ಜನರ ಕಥೆಯಲ್ಲಿ ಎರಡೂ ನಷ್ಟಗಳಿವೆ. 1987ರಲ್ಲಿ, ಮಾರ್ಗರೇಟ್ ಆಳ್ವ ಕೇಂದ್ರದ ಕ್ರೀಡಾ ಸಚಿವೆಯಾಗಿದ್ದಾಗ, ಭಾರತೀಯ ಕ್ರೀಡಾ ಪ್ರಾಧಿಕಾರದ ವಿಶೇಷ ಪ್ರದೇಶ ಕ್ರೀಡಾ ಯೋಜನೆಯಡಿ ಸಿದ್ದಿ ಮಕ್ಕಳನ್ನು ಹುಡುಕಿ ತರಬೇತಿಗೆ ಕರೆದೊಯ್ದರು. ಆಫ್ರಿಕಾ ಮೂಲದವರಾದ್ದರಿಂದ ಓಟದಲ್ಲಿ ಪದಕ ತರುತ್ತಾರೆ ಎಂಬುದು ಲೆಕ್ಕಾಚಾರ. ಈ ಲೆಕ್ಕ ಮೊದಲ ಹೆಜ್ಜೆಯಲ್ಲೇ ಎಡವಿತ್ತು. ಒಂದು ಮಗುವಿನ ಭವಿಷ್ಯವನ್ನು ಅದರ ಪೂರ್ವಜರು ಯಾವ ಖಂಡದವರು ಎಂಬುದರಿಂದ ಊಹಿಸುವುದು ವೈಜ್ಞಾನಿಕವೂ ಅಲ್ಲ, ಆ ಮಗುವಿಗೆ ಗೌರವವೂ ಅಲ್ಲ. ಹಾಗಿದ್ದರೂ ಆ ಮಕ್ಕಳಲ್ಲಿ ಹಲವರು ಒಬ್ಬೊಬ್ಬರಾಗಿ ಅರಳಿದರು, ರಾಷ್ಟ್ರಮಟ್ಟದಲ್ಲಿ ಪದಕ ತಂದರು. ಅವರು ಇನ್ನೂ ಬೆಳೆಯುತ್ತಿದ್ದಾಗಲೇ 1993ರಲ್ಲಿ ಯೋಜನೆ ನಿಂತಿತು. ಕೆಲವರು ಕ್ರೀಡಾ ಕೋಟಾದಲ್ಲಿ ನೌಕರಿ ಹಿಡಿದರು, ಹಲವರು ಮರಳಿ ಕೂಲಿಗೆ ಹೋದರು. ಆರು ವರ್ಷ ಸಾಕಾಗಲಿಲ್ಲವೇ ಎಂದು ಕೇಳುವವರಿದ್ದಾರೆ. ಹತ್ತು ಹನ್ನೆರಡರ ಹರೆಯದಲ್ಲಿ ಹಿಡಿದ ಮಗು ಆರು ವರ್ಷದಲ್ಲಿ ಹದಿನಾರು ಹದಿನೆಂಟಕ್ಕೆ ಬರುತ್ತದೆ. ಓಟಗಾರನ ಒಳ್ಳೆಯ ವರ್ಷಗಳು ಶುರುವಾಗುವುದೇ ಅದರ ನಂತರ. ಬೆಳಗಾವಿ ಮತ್ತು ಧಾರವಾಡ ಜಿಲ್ಲೆಗಳ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2020ರ ತಿದ್ದುಪಡಿಯಿಂದ. ಖಾನಾಪುರದ ಸಿದ್ದಿ ಮಗುವೊಂದನ್ನು ನಾಳೆ ಯಾರಾದರೂ ಆಯ್ಕೆಗೆ ನಿಲ್ಲಿಸಿದರೆ, ಆ ಮಗುವಿನ ಸಮುದಾಯ ನೋಡಿ ಓಟದ ಸಾಲಿಗೆ ತಳ್ಳದಿರಲಿ. ಅದು ಚೆಂಡನ್ನು ಹಿಡಿಯುವ ಕೈಯನ್ನೂ, ಪಂದ್ಯ ಓದುವ ಕಣ್ಣನ್ನೂ ನೋಡಲಿ.

ದೀರ್ಘಕಾಲ ಉಳಿಸಿಕೊಳ್ಳುವ ವ್ಯವಸ್ಥೆ ನಮ್ಮಲ್ಲಿ ಸಾಧ್ಯವೇ ಎಂದು ಸಂಶಯಪಡುವವರು ಬೆಳಗಾವಿ ನಗರದ ಮರಾಠಾ ಲಘು ಪದಾತಿದಳದ ರೆಜಿಮೆಂಟಲ್ ಕೇಂದ್ರವನ್ನು ನೋಡಬಹುದು. ಅಲ್ಲಿನ ಬಾಯ್ಸ್ ಸ್ಪೋರ್ಟ್ಸ್ ಕಂಪನಿ 8ರಿಂದ 14 ವರ್ಷದ ಹುಡುಗರನ್ನು ಆರಿಸಿ ಊಟ, ವಸತಿ, ಶಾಲೆ, ತರಬೇತಿ ಎಲ್ಲವನ್ನೂ ಕೊಟ್ಟು ಸೇನೆಗೆ ಸೇರುವ ವಯಸ್ಸಿನವರೆಗೆ ಸಾಕುತ್ತದೆ. ಹುಡುಗ ಒಲಿಂಪಿಕ್ಸಿಗೆ ಹೋಗದಿದ್ದರೂ ಅವನ ಬದುಕಿಗೆ ಒಂದು ದಾರಿ ಇರುತ್ತದೆ. ಆದ್ದರಿಂದಲೇ ತಂದೆತಾಯಿ ಧೈರ್ಯದಿಂದ ಕಳಿಸುತ್ತಾರೆ. ಇದೇ ಪದಾತಿದಳಕ್ಕೆ 1947ರಲ್ಲಿ ಬ್ಯಾಂಡಿನ ಹುಡುಗನಾಗಿ ಸೇರಿದ ಮಹೂ ಊರಿನ ಶಂಕರ್ ಲಕ್ಷ್ಮಣ್ ಮೊದಲು ಫುಟ್‌ಬಾಲ್ ಆಡುತ್ತಿದ್ದರು. ಸೇನೆಯಲ್ಲಿ ಹಾಕಿಗೆ ತಿರುಗಿ ಮೂರು ಒಲಿಂಪಿಕ್ಸ್ ಫೈನಲ್‌ಗಳಲ್ಲಿ ಭಾರತದ ಗೋಲು ಕಾದರು. 1964ರ ಟೋಕಿಯೊ ಚಿನ್ನದ ತಂಡದಲ್ಲಿ ಅವರ ಜೊತೆಗಿದ್ದವರಲ್ಲಿ ಬೆಳಗಾವಿಯ ಬಂಡು ಪಾಟೀಲರೂ ಒಬ್ಬರು. ಬ್ಯಾಂಡಿಗೆ ಬಂದ ಹುಡುಗನಿಗೆ ಆಟ ಬದಲಿಸಿಕೊಳ್ಳುವಷ್ಟು ಕಾಲ ಸಿಕ್ಕಿತು ಎಂಬುದು ನನಗೆ ಅವರ ಪದಕಗಳಷ್ಟೇ ಮುಖ್ಯವಾಗಿ ಕಾಣುತ್ತದೆ.

ನನ್ನ ವಾದಕ್ಕೆ ಬರುವ ಬಲವಾದ ಆಕ್ಷೇಪ ಒಂದಿದೆ. ಸ್ಟಾಪ್‌ವಾಚಿಗೆ ವಶೀಲಿ ಗೊತ್ತಿಲ್ಲ. ಬೆಳವಣಿಗೆ, ಅವಕಾಶ, ಸಾಗುವ ಗುಣ ಎಂದೆಲ್ಲ ಸೇರಿಸಿದರೆ ಆಯ್ಕೆಗಾರನ ಮರ್ಜಿಗೆ ಬಾಗಿಲು ತೆರೆದಂತೆ. ಶಿಫಾರಸು ಇದ್ದ ಮಗುವಿಗೆ ಭವಿಷ್ಯ ಚೆನ್ನಾಗಿದೆ ಎಂದು ಬರೆದುಬಿಡಬಹುದು. ಈ ಭಯ ನಿಜವಾದದ್ದು, ಬಡವರ ಮಕ್ಕಳ ಪರವಾದ ಭಯ. ಆದರೆ ನಾನು ಹೇಳುತ್ತಿರುವ ಪ್ರತಿಯೊಂದನ್ನೂ ಅಂಕಿಯಲ್ಲಿ ಬರೆಯಬಹುದು: ತರಬೇತಿಯ ತಿಂಗಳು, ಕೂತ ಎತ್ತರ, ಹುಟ್ಟಿದ ತಿಂಗಳು. ಎಲ್ಲಕ್ಕಿಂತ ಮುಖ್ಯವಾಗಿ, ಆರು ತಿಂಗಳ ಅಂತರದ ಎರಡು ಓಟಗಳ ನಡುವಿನ ವ್ಯತ್ಯಾಸವನ್ನು ಅಳೆಯುವುದೂ ಅದೇ ಸ್ಟಾಪ್‌ವಾಚು. ಒಂದು ಓಟ ಮಗು ಎಲ್ಲಿದೆ ಎಂದು ಹೇಳುತ್ತದೆ, ಎರಡು ಓಟ ಎತ್ತ ಹೋಗುತ್ತಿದೆ ಎಂದು ಹೇಳುತ್ತದೆ. ಪಟ್ಟಿಯನ್ನು ಗೋಡೆಗೆ ಅಂಟಿಸಿದರೆ ಮರ್ಜಿಗೆ ಜಾಗ ಕಿರಿದಾಗುತ್ತದೆ. ಇನ್ನು ಫ್ಯಾಂಟಸಿ ಆಟಗಳಿಂದ ಕಲಿಯುವುದೇನು, ಅವು ಜೂಜಲ್ಲವೇ ಎಂಬ ಪ್ರಶ್ನೆ. ದುಡ್ಡು ಕಟ್ಟಿ ಆಡುವ ದಿನದ ಸ್ಪರ್ಧೆಗಳು ಎಷ್ಟೋ ಮನೆಗಳನ್ನು ಹಾಳುಮಾಡಿದವು. 2025ರ ಆಗಸ್ಟಿನಲ್ಲಿ ಸಂಸತ್ತು ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿದ್ದು ಸರಿಯೇ. ಕೀಪರ್ ಲೀಗಿಗೆ ಹಣ ಬೇಕೇ ಬೇಕೆಂದಿಲ್ಲ, ನಾನು ಎತ್ತಿಕೊಂಡದ್ದು ಅದರ ಕಾಲದ ಲೆಕ್ಕವನ್ನು ಮಾತ್ರ.

ಮತ್ತೊಂದು ಆಕ್ಷೇಪ ಹಣದ್ದೇ: ಕ್ರೀಡಾ ವಸತಿ ನಿಲಯದ ಸೀಟುಗಳು ಕಡಿಮೆ, ಫಲ ಕಾಣದ ಮಗುವನ್ನು ಎಷ್ಟು ವರ್ಷ ಇಟ್ಟುಕೊಳ್ಳುವುದು? ಕಾದವರೆಲ್ಲ ಯಾನಿಸ್ ಆಗುವುದಿಲ್ಲ ಎಂಬುದು ಸತ್ಯ. 2015ರಲ್ಲಿ ಎನ್‌ಬಿಎ ಡ್ರಾಫ್ಟಿನಲ್ಲಿ 52ನೆಯವರಾಗಿ ಡಲ್ಲಾಸ್ ತಂಡಕ್ಕೆ ಆಯ್ಕೆಯಾದ ಪಂಜಾಬಿನ ಬಲ್ಲೋಕೆ ಹಳ್ಳಿಯ ಸತ್ನಾಮ್ ಸಿಂಗ್ ಭಾಮರಾ, ಭಾರತದಲ್ಲಿ ಹುಟ್ಟಿ ಆ ಪಟ್ಟಿ ಸೇರಿದ ಮೊದಲಿಗರು. ಏಳಡಿ ಮೀರಿದ ಎತ್ತರವಿದ್ದರೂ ಎನ್‌ಬಿಎಯಲ್ಲಿ ಒಂದು ಪಂದ್ಯವನ್ನೂ ಆಡಲಾಗಲಿಲ್ಲ. ಎರಡನೇ ಸುತ್ತಿನಲ್ಲಿ ಆಯ್ಕೆಯಾಗುವ ಹಲವರ ಪಾಡು ಇದೇ. ಆದ್ದರಿಂದ ಕಾಯುವುದಕ್ಕೆ ಮಿತಿ ಬೇಕು, ಆ ಮಿತಿ ಮೊದಲೇ ಗೊತ್ತಿರಬೇಕು, ಮತ್ತು ಮಿತಿ ಮುಗಿದ ದಿನ ಮಗುವಿನ ಕೈಯಲ್ಲಿ ಓದು ಇರಬೇಕು. ಕನಿಷ್ಠ ಮೂರು ವರ್ಷ, ಅದರಲ್ಲೂ ಎತ್ತರ ಚಿಮ್ಮುವ ಹಂತದಲ್ಲಿ ಆಟ ಹದಗೆಟ್ಟಂತೆ ಕಂಡರೆ ಇನ್ನೊಂದು ವರ್ಷ. ಕೈಕಾಲು ಏಕಾಏಕಿ ಉದ್ದವಾದಾಗ ಮಗುವಿಗೆ ತನ್ನ ದೇಹವೇ ಪರಕೀಯವಾಗುತ್ತದೆ, ಆ ತಿಂಗಳುಗಳಲ್ಲಿ ಹೊರಹಾಕುವುದು ಅತ್ಯಂತ ಕೆಟ್ಟ ನಿರ್ಧಾರ. ಹೆಣ್ಣುಮಕ್ಕಳ ವಿಷಯದಲ್ಲಿ ಇದನ್ನು ಒತ್ತಿ ಹೇಳಬೇಕು, ಏಕೆಂದರೆ ಅವರು ಒಮ್ಮೆ ಮನೆಗೆ ಮರಳಿದರೆ ಮತ್ತೆ ಮೈದಾನಕ್ಕೆ ಬರುವ ದಾರಿ ಖಾನಾಪುರದಲ್ಲಿ ಹುಡುಗರಿಗಿಂತ ಬೇಗ ಮುಚ್ಚುತ್ತದೆ.

ಆಯ್ಕೆಯಾಗದವರನ್ನೂ ಲೆಕ್ಕದಿಂದ ಬಿಡಬಾರದು. ಬೆಳಗಾವಿಯ ಜಿಲ್ಲಾ ಕ್ರೀಡಾಂಗಣಕ್ಕೆ ಬಂದು ಹೆಸರು ಬರದೆ ಹಿಂದಿರುಗುವ ಮಗುವಿನ ಕೈಗೆ ಅದರ ಅಳತೆಗಳನ್ನೂ ಸಮಯವನ್ನೂ ಬರೆದ ಚೀಟಿ ಕೊಡಬೇಕು; ಅದರ ಪ್ರತಿ ತಾಲ್ಲೂಕಿನ ದೈಹಿಕ ಶಿಕ್ಷಣಾಧಿಕಾರಿಯ ಬಳಿ ಇರಬೇಕು. ಎರಡನೇ ಅಳತೆಗೆ ಮಗುವನ್ನು ಬೆಳಗಾವಿಗೆ ಕರೆಸಬೇಕಿಲ್ಲ. ಖಾನಾಪುರ ಬೆಳಗಾವಿಯಿಂದ ಇಪ್ಪತ್ತೈದು ಕಿಲೊಮೀಟರಿನ ಆಸುಪಾಸಿನಲ್ಲಿದೆ, ಆದರೆ ಕಣಕುಂಬಿ ಕಡೆಯ ಮಗುವಿಗೆ ಖಾನಾಪುರವೇ ದೂರ. ಅಳೆಯುವವರೇ ಅತ್ತ ಹೋಗಲಿ. ಮೊದಲ ಅಳತೆ ಮಳೆ ಹಿಡಿಯುವ ಮುಂಚೆ, ಎರಡನೆಯದು ದೀಪಾವಳಿ ಕಳೆದು ಹಳ್ಳಗಳು ಇಳಿದ ಮೇಲೆ, ಜಾಂಬೋಟಿ ಮತ್ತು ಲೋಂಡಾದ ಶಾಲೆಗಳ ಅಂಗಳದಲ್ಲೇ ಆಗಲಿ.